ಹಿಂದಿನ ಎಡಗಾಲಿ

ಬ್ರೌನ್ ಬೆಟ್ಟ ಇಳಿದು ಬುಡ ಮುಟ್ಟುವಷ್ಟರಲ್ಲಿ ಕ್ಯಾರವಾನಿನ ಹಿಂಬದಿಯಿಂದ ಹೊಗೆ ಏಳುತ್ತಿತ್ತು. ಗ್ಲೆನಿಸ್ ಕಾರನ್ನು ರಸ್ತೆಯ ಅಂಚಿನ ಜಲ್ಲಿಗೆ ಇಳಿಸಿ ನಿಲ್ಲಿಸಿದಳು. ಪಕ್ಕದ ಸೀಟಿನಲ್ಲಿದ್ದ ಅವಳ ಗಂಡ ಲಿಂಡ್ಸೆ ಟ್ರಾಂಟರ್ ಬೆಲ್ಟು ಬಿಚ್ಚಿಕೊಂಡು, ಎಪ್ಪತ್ತು ದಾಟಿದ ಮಂಡಿಗಳು ಎಷ್ಟು ಬೇಗ ಬಿಡುತ್ತವೋ ಅಷ್ಟು ಬೇಗ ಹಿಂದಕ್ಕೆ ಓಡಿದ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಆ ಪುಟ್ಟ ಮನೆಗೆ ನಾಲ್ಕು ಗಾಲಿ, ನಾಲ್ಕಕ್ಕೂ ಕರೆಂಟಿನ ಬ್ರೇಕು. ಅವನು ಅಂಗೈಯ ಹಿಂಬದಿಯನ್ನು ಒಂದೊಂದು ಗಾಲಿಯ ನಡುವಿನ ಗುಂಬದ ಹತ್ತಿರ ಹಿಡಿಯುತ್ತ ಬಂದ. ಬಲಗಡೆಯ ಎರಡೂ ಬೆಚ್ಚಗಿದ್ದವು, ಬೆಟ್ಟ ಇಳಿದ ಗಾಡಿಗೆ ಇರಬೇಕಾದಷ್ಟೇ. ಎಡಗಡೆಯ ಮುಂದಿನದೂ ಹಾಗೆಯೇ ಇತ್ತು. ಎಡಗಡೆಯ ಹಿಂದಿನದರ ಹತ್ತಿರ ಮಾತ್ರ ಕೈ ಒಯ್ಯಲಿಕ್ಕೇ ಆಗಲಿಲ್ಲ.

ಅವನಿಗೆ ಅಲ್ಲೇ, ಆಗಲೇ ಗೊತ್ತಾಯಿತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಆಮೇಲೆ ಅವನು ತನಗೆ ತಾನೇ ಬೇರೆ ಬೇರೆ ಥರ ಹೇಳಿಕೊಂಡ. ಓಡಿಸುವವರು ಬ್ರೇಕು ಒತ್ತಿದರೆ ಕರೆಂಟು ಒಂದೇ ತಂತಿಯಲ್ಲಿ ಹರಿದು ನಾಲ್ಕೂ ಗಾಲಿಗೆ ಸಮನಾಗಿ ಹೋಗುತ್ತದೆ. ಒಂದು ಗಾಲಿಯನ್ನು ಮಾತ್ರ ಆರಿಸಿ ಒತ್ತುವ ವಿದ್ಯೆ ಯಾವ ಕಾಲಿಗೂ ಗೊತ್ತಿಲ್ಲ. ಗ್ಲೆನಿಸಳ ಕಾಲಿನ ತಪ್ಪಾಗಿದ್ದರೆ ನಾಲ್ಕೂ ಸುಡಬೇಕಿತ್ತು. ಒಂದೇ ಸುಟ್ಟಿದೆ ಎಂದರೆ ತಪ್ಪಿರುವುದು ಆ ಗಾಲಿಯೊಳಗೆ, ಮತ್ತು ಆ ಗಾಲಿಯನ್ನು ಕೊನೆಗೆ ಮುಟ್ಟಿದ್ದು ಅವನ ಕೈ.

ಹಿಂದಿನ ಸಂಜೆ, ಬೆಟ್ಟದ ಮೇಲಿನ ನಿಮ್ಮಿಟಬೆಲ್ ಊರಿನ ಮೈದಾನದಲ್ಲಿ ಟೂಮಟ್ ಕ್ಯಾರವಾನ್ ಕ್ಲಬ್ಬಿನವರೆಲ್ಲ ಬೀಡು ಬಿಟ್ಟಿದ್ದರು. ನಾಳೆ ಇಳಿಜಾರಿದೆ, ಬ್ರೇಕು ಕೊಂಚ ಸಡಿಲಾಗಿದೆ ಎಂದು ಲಿಂಡ್ಸೆ ಜಾಕು ಏರಿಸಿದ್ದ. ಆ ಜನರಲ್ಲಿ ಎಲ್ಲಿ ಒಂದು ಗಾಲಿ ನೆಲ ಬಿಟ್ಟು ಮೇಲೆದ್ದರೂ ಸಾಕು, ಗಂಡಸರು ಒಂದು ಕೈಯಲ್ಲಿ ಬಿಯರು, ಇನ್ನೊಂದು ಕೈ ಜೇಬಿನಲ್ಲಿ ಇಟ್ಟುಕೊಂಡು ಬಂದು ಸುತ್ತ ನಿಂತುಬಿಡುತ್ತಾರೆ. ಯಾರೂ ಇನ್ನೊಬ್ಬರ ಗಾಡಿಗೆ ಕೈ ಹಚ್ಚುವುದಿಲ್ಲ, ಅದು ಮರ್ಯಾದೆಯಲ್ಲ; ನೋಡುತ್ತಾರೆ, ಅಷ್ಟೆ. ಜನ ಸೇರಿದರೆ ಲಿಂಡ್ಸೆಗೆ ಗಂಟಲು ತೆರೆಯುತ್ತದೆ. "ಗಾಲಿ ಹಿಂದೆ ಈ ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರ್ಸಿ, ಒಳಗಿರೋ ಹಲ್ಲಿನ ಚಕ್ರ ತಿರುಗಿಸ್ತಾ ಹೋಗ್ಬೇಕು. ಗಾಲಿ ಪೂರ್ತಿ ಬಿಗಿ ಆಗ್ಬೇಕು. ಆಮೇಲೆ ವಾಪಸ್ಸು ಸಡಿಲ ಮಾಡ್ಬೇಕು, ಗಾಲಿ ಆರಾಮಾಗಿ ತಿರುಗೋವರೆಗೂ. ಈ ವಾಪಸ್ಸು ತಿರುಗಿಸೋದನ್ನ ಮರೆತ ಮಂಗ ಮಾರನೇ ದಿನ ಗಾಡಿ ಸುಟ್ಕೋತಾನೆ," ಎಂದು ಪಾಠ ಹೇಳುತ್ತ ಮೂರು ಗಾಲಿ ಮುಗಿಸಿದ. ನಾಲ್ಕನೆಯದು ಬಿಗಿಯಾಗಿ, ಇನ್ನೇನು ಒಂದೆರಡು ಹಲ್ಲು ಸಡಿಲಿಸಿದ್ದನೋ ಇಲ್ಲವೋ, ಸುತ್ತ ನಿಂತವರಲ್ಲಿ ಕ್ಲೆಮ್ ಎಂಬವನು ಕೇಳಿದ: "ಲಿಂಡ್ಸೆ, ಅದೇ ಆ ಪಾದ್ರಿನ ಫೇಲ್ ಮಾಡಿದ್ಯಲ್ಲ, ಆ ಕಥೆ ಹೇಳು ಮಾರಾಯ. ಇವರು ಯಾರೂ ಕೇಳಿಲ್ಲ."

ಎಲ್ಲರೂ ಕೇಳಿದ್ದರು. ಆದರೂ ಲಿಂಡ್ಸೆ ಎದ್ದ. ಅವನು ಟೂಮಟ್ಟಿನಲ್ಲಿ ಮೂವತ್ತು ವರ್ಷ ಡ್ರೈವಿಂಗ್ ಪರೀಕ್ಷೆ ಮಾಡಿದವನು, ಅರ್ಧ ಊರನ್ನೇ ಫೇಲ್ ಮಾಡಿದವನು. ನಿಲ್ಲಬೇಕಾದ ಕಡೆ ನಿಲ್ಲದೆ, ಶಿಲುಬೆಯ ಗುರುತು ಹಾಕಿಕೊಂಡು ಮುಂದೆ ಹೋದ ಪಾದ್ರಿಯನ್ನು ನಟಿಸಿ ತೋರಿಸಲು ಎರಡು ಕೈಯೂ ಬೇಕಿತ್ತು. "ಸ್ವಾಮಿ, ಮೇಲಿರೋನು ಕ್ಷಮಿಸ್ಬಹುದು, ನಂಗೆ ಆ ಅಧಿಕಾರ ಇಲ್ಲ ಅಂದೆ!" ಎಂದು ಮುಗಿಸಿದಾಗ ಮೈದಾನ ನಕ್ಕಿತು. ನಗುವಿನ ಗುಂಗಿನಲ್ಲೇ ಅವನು ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಹಾಕಿ ಜಾಕು ಇಳಿಸಿದ.

ಈಗ ಬೆಟ್ಟದ ಬುಡದಲ್ಲಿ, ಅದೇ ಗಂಡಸರು ತಮ್ಮ ತಮ್ಮ ಗಾಡಿ ನಿಲ್ಲಿಸಿ ಒಬ್ಬೊಬ್ಬರಾಗಿ ನಡೆದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಕ್ಲೆಮ್.

"ಏನ್ ಮಾರಾಯ, ಮಾಂಸ ಸುಡೋ ಕಾರ್ಯಕ್ರಮ ಈಗ್ಲೇ ಶುರು ಮಾಡ್ಬಿಟ್ಯಾ?"

ಯಾರೋ ನೀರಿನ ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದರು. "ನೀರು ಹಾಕ್ಬೇಡ್ರೋ! ಬ್ರೇಕಿನ ಡ್ರಮ್ ಸೀಳ್ಹೋಗತ್ತೆ. ತಾನಾಗಿ ಆರ್ಲಿ," ಎಂದು ಲಿಂಡ್ಸೆ ಕೂಗಿದ. ಎಲ್ಲರ ಮುಖವೂ ಅವನ ಕಡೆ ತಿರುಗಿತು. ನಿನ್ನೆಯ ಪಾಠ ಕೇಳಿದ ಮುಖಗಳು. ಮಂಗನ ಮಾತು ಅವರಿಗೆ ಮರೆತಿರಲಿಕ್ಕಿಲ್ಲ. ಅಷ್ಟರಲ್ಲಿ ಗ್ಲೆನಿಸ್ ಗಾಡಿಯನ್ನು ಬಳಸಿಕೊಂಡು ಬಂದಳು. ಅವಳ ಮುಖ ಬಿಳುಚಿಕೊಂಡಿತ್ತು.

"ನಾನೇನಾದ್ರೂ ಮಾಡಿದ್ನಾ ಲಿಂಡ್ಸ್?"

ಪ್ರಶ್ನೆ ಅವಳಾಗಿಯೇ ಕೇಳಿದ್ದು. ಬಾಗಿಲು ಅವಳೇ ತೆರೆದಳು, ಇವನು ಒಳಗೆ ನುಗ್ಗಿದ.

"ಕಾಲು ಉದ್ದಕ್ಕೂ ಬ್ರೇಕ್ ಮೇಲೇ ಇತ್ತು ಕಣೇ."

"ಇಲ್ವಲ್ಲ... ಎರಡನೇ ಗೇರಲ್ಲೇ ಇಳಿಸ್ದೆ. ನೀನು ಹೇಳಿದ ಹಾಗೇನೇ, ಒತ್ತಿ ಬಿಡೋದು, ಒತ್ತಿ ಬಿಡೋದು."

"ಬಿಟ್ಟೆ ಅಂತ ನಿಂಗನ್ನಿಸಿರತ್ತೆ. ಕಾಲು ಇಟ್ಕೊಂಡಿರೋದು ಓಡ್ಸೋರಿಗೆ ಗೊತ್ತೇ ಆಗಲ್ಲ. ಮೂವತ್ತು ವರ್ಷ ನೋಡಿದೀನಿ."

ಇದು ಅವನು ನೂರಾರು ಜನಕ್ಕೆ ಹೇಳಿದ ಮಾತು. ಆ ನೂರಾರು ಜನರ ವಿಷಯದಲ್ಲಿ ಅದು ನಿಜವೂ ಆಗಿತ್ತು. ಅದೇ ದನಿ, ಅದೇ ನಿಧಾನ, ಅದೇ ಸಹಾನುಭೂತಿಯ ತಲೆಯಾಟ ತಾವಾಗಿಯೇ ಬಂದವು.

ಕ್ಲೆಮ್ ಟೋಪಿ ಹಿಂದೆ ಸರಿಸಿದ. "ನಾನು ಹಿಂದೇನೇ ಇದ್ನಲ್ಲ. ಬ್ರೇಕ್ ಲೈಟು ಅಷ್ಟೇನೂ ಉರೀತಿರ್ಲಿಲ್ಲಪ್ಪ."

"ಬೆಳಗಿನ ಬಿಸಿಲು ಎದುರಿಗಿತ್ತು. ನಿಂಗೆ ಕಂಡಿರಲ್ಲ."

ಒಂದು ಸುಳ್ಳಿಗೆ ಇನ್ನೊಂದನ್ನು ಆನಿಸಿ ನಿಲ್ಲಿಸಿದ ಮೇಲೆ ಎರಡೂ ಗಟ್ಟಿಯಾದವು. ಕ್ಲೆಮ್ "ಇರಬಹುದಪ್ಪ" ಎಂದ. ಗ್ಲೆನಿಸ್ ತನ್ನ ಬಲಗಾಲನ್ನು ನೋಡಿಕೊಂಡಳು. ಆ ನೋಟವನ್ನು ಲಿಂಡ್ಸೆ ಕಂಡ. ಕಂಡೂ ಸುಮ್ಮನಿದ್ದ.

ಅಂದು ಸಂಜೆ ಮೆರಿಂಬುಲಾದ ಸಮುದ್ರ ದಂಡೆಯಲ್ಲಿ ಕುರ್ಚಿಗಳು ದುಂಡಗೆ ಬಿದ್ದವು. ಐದು ಗಂಟೆಗೆ ಕ್ಲಬ್ಬಿನವರು ಎಲ್ಲೇ ಇರಲಿ, ಚೀಸು, ಬಿಸ್ಕತ್ತು, ಡಬ್ಬದ ವೈನು ಹಿಡಿದು ಹೀಗೆ ಕೂರುತ್ತಾರೆ; ಕ್ಲೆಮ್ ತಗಡಿನ ನಕ್ಷತ್ರ ಚುಚ್ಚಿಕೊಂಡು ಶೆರಿಫ್ ಆಗುತ್ತಾನೆ. ದಿನದ ಅತಿ ದೊಡ್ಡ ದಡ್ಡತನ ಯಾರದು ಎಂದು ವಿಚಾರಣೆ ನಡೆಯುತ್ತದೆ. ಗೆದ್ದವರ ಕೊರಳಿಗೆ ಚಿನ್ನದ ಬಣ್ಣ ಬಳಿದ ಹಳೆಯ ಕಮೋಡಿನ ಸೀಟು. ಮಲಗುವವರೆಗೂ ಅದು ಕೊರಳಲ್ಲಿರಬೇಕು, ಇನ್ನೊಬ್ಬರು ಇನ್ನೂ ದೊಡ್ಡ ದಡ್ಡತನ ಮಾಡುವವರೆಗೂ ಅವರ ಗಾಡಿಯ ಕಿಟಕಿಯಲ್ಲಿ ತೂಗಬೇಕು. ಸಮಜಾಯಿಷಿ ಕೊಡುವಂತಿಲ್ಲ. ಹಾಕಿಕೊಂಡು ನಕ್ಕವರೇ ಒಳ್ಳೆಯವರು ಎನ್ನಿಸಿಕೊಳ್ಳುತ್ತಾರೆ.

"ಲಿಂಡ್ಸೆ, ಕೇಸು ನೀನೇ ಮಂಡಿಸಪ್ಪ," ಎಂದ ಶೆರಿಫ್.

ಆಗಲಾದರೂ ತೂಕಡಿಕೆ ಬಂದಂತೆ ನಟಿಸಬಹುದಿತ್ತು. ಲಿಂಡ್ಸೆ ಎದ್ದು ನಿಂತ. ಕಣ್ಣು ಹೊರಗೆ ಬರುವಂತೆ ಅಗಲಿಸಿ, ಇಲ್ಲದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಬಲಗಾಲನ್ನು ಮರಳಿನಲ್ಲಿ ಮೂಳೆ ಮುರಿಯುವ ಹಾಗೆ ಒತ್ತಿ ತೋರಿಸಿದ. "ಗಾಡಿಗಲ್ಲ, ಇಡೀ ಬೆಟ್ಟಕ್ಕೇ ಬ್ರೇಕ್ ಹಾಕಕ್ಕೆ ಹೊರಟಿದ್ಳು ನಮ್ಮ ರಾಣಿ!" ಜನ ಬಿದ್ದು ಬಿದ್ದು ನಕ್ಕರು. ಗ್ಲೆನಿಸ್ ತಾನೇ ತಲೆ ಬಗ್ಗಿಸಿ ಸೀಟನ್ನು ಕೊರಳಿಗೆ ಹಾಕಿಸಿಕೊಂಡಳು, ವೈನಿನ ಲೋಟ ಎತ್ತಿ ಎಲ್ಲರಿಗೂ ತೋರಿಸಿದಳು. ಉಳಿದವರ ನಗು ನಿಂತ ಮೇಲೂ ಅವಳ ನಗು ಒಂದಿಷ್ಟು ಹೊತ್ತು ಮುಂದುವರಿಯಿತು. ಅದನ್ನು ಗಮನಿಸಿದವನು ಲಿಂಡ್ಸೆ ಒಬ್ಬನೇ. ನಲವತ್ತು ವರ್ಷ ಜೊತೆಗೆ ಬಾಳಿದವನಿಗೆ ಅದು ಯಾವ ನಗು ಎಂದು ಗೊತ್ತಿತ್ತು.

ಗ್ಲೆನಿಸ್ ಕ್ಯಾರವಾನ್ ಕಟ್ಟಿದ ಕಾರು ಓಡಿಸಲು ಕಲಿತದ್ದು ತೀರಾ ಈಚೆಗೆ. ಲಿಂಡ್ಸೆಯ ಎದೆ ಒಮ್ಮೆ ಕೈಕೊಟ್ಟ ಮೇಲೆ, ಇನ್ನು ದಾರಿಯಲ್ಲಿ ಇಬ್ಬರಿಗೂ ಓಡಿಸಲು ಬರಬೇಕು ಎಂದು ಡಾಕ್ಟರು ಹೇಳಿದ್ದರು. ಅವಳು ಗಂಡನ ಹತ್ತಿರ ಕಲಿಯಲಿಲ್ಲ. "ನಿನ್ನ ಪಕ್ಕ ಕೂತ್ರೆ ನಂಗೆ ಪರೀಕ್ಷೆ ಅನ್ಸತ್ತೆ" ಎಂದು, ಗೆಳತಿ ಮರ್ಲ್‌ಳನ್ನು ಕರೆದುಕೊಂಡು ದನದ ಸಂತೆಯ ಖಾಲಿ ಬಯಲಿಗೆ ಹೋಗುತ್ತಿದ್ದಳು. ಎಣ್ಣೆ ಪೀಪಾಯಿಗಳ ನಡುವೆ ಗಾಡಿಯನ್ನು ಹಿಂದಕ್ಕೆ ತರುವಾಗ ಮರ್ಲ್ ಕೂಗುವುದು ಅರ್ಧ ಊರಿಗೆ ಕೇಳುತ್ತಿತ್ತು. ಈ ಮರ್ಲ್‌ಳನ್ನು ಲಿಂಡ್ಸೆ ಅವಳ ಹರೆಯದಲ್ಲಿ ಎರಡು ಸಲ ಫೇಲ್ ಮಾಡಿದ್ದ, ಕನ್ನಡಿ ನೋಡಲಿಲ್ಲ ಎಂದು. ಅವಳು ಅದನ್ನು ಮರೆತಿರಲಿಲ್ಲ. ಎದುರು ಸಿಕ್ಕಾಗಲೆಲ್ಲ ಕನ್ನಡಿ ನೋಡುವವಳಂತೆ ಕತ್ತು ಆಚೆ ತಿರುಗಿಸಿ ಹೋಗುತ್ತಿದ್ದಳು. ವಸಂತ ಬಂದರೆ ಇಬ್ಬರು ಹೆಂಗಸರೂ ಈ ಕ್ಯಾರವಾನನ್ನು ಕಟ್ಟಿಕೊಂಡು ನಲ್ಲಾರ್ಬೋರ್ ಬಯಲು ದಾಟಿ ಪಶ್ಚಿಮಕ್ಕೆ, ಕಾಡುಹೂ ನೋಡಲು ಹೋಗುವುದೆಂದು ಮಾತಾಗಿತ್ತು. ಗಂಡಸರು ಇಲ್ಲದೆ. ಗ್ಲೆನಿಸ್ ಅದಕ್ಕಾಗಿಯೇ ಕಲಿತಳು ಎಂದರೂ ತಪ್ಪಿಲ್ಲ. ಫ್ರಿಜ್ಜಿನ ಬಾಗಿಲಿಗೆ ಭೂಪಟ ಅಂಟಿಸಿದ್ದಳು. "ಹೋಗಿ, ಹೋಗಿ" ಎಂದು ಲಿಂಡ್ಸೆ ಬಾಯಲ್ಲಿ ಹೇಳಿದ್ದ.

ಮರುದಿನ ಹೊರಡುವಾಗ ಗ್ಲೆನಿಸ್ ಕೀಲಿಯನ್ನು ಅವನ ಕೈಯಲ್ಲಿಟ್ಟಳು.

"ಇವತ್ತು ನಿನ್ನ ಸರದಿ ಕಣೇ," ಎಂದ ಲಿಂಡ್ಸೆ.

"ನೀನೇ ಓಡ್ಸು. ನಂಗೆ ಯಾಕೋ ಬೇಡ."

ಅವಳು ಕುಳ್ಳಿ. ಅವಳು ಓಡಿಸಿದ ಮೇಲೆ ಕಾರಿನ ಸೀಟು ಮುಂದಕ್ಕೆ ಬಂದಿರುತ್ತದೆ; ಹತ್ತುವಾಗ ಮಂಡಿ ಬಡಿದುಕೊಂಡು ಲಿಂಡ್ಸೆ ಪ್ರತಿ ಸಲವೂ ಶಾಪ ಹಾಕುತ್ತಾನೆ. ಅಂದು ಸೀಟನ್ನು ಕಟಕಟನೆ ಹಿಂದಕ್ಕೆ ತಳ್ಳಿ ಕೂತ. ಈಡನ್ ಊರು ತಲುಪುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಇಳಿದ ಕೂಡಲೇ ಅವನು ಗಾಲಿಗಳ ಹತ್ತಿರ ಹೋಗಿ, ಶೂ ಲೇಸು ಕಟ್ಟುವವನಂತೆ ಬಗ್ಗಿ, ಕೈ ಹಿಡಿದು ನೋಡಿದ. ಓಡಿಸಿದ್ದು ತಾನು, ಬೆಟ್ಟವೂ ಇರಲಿಲ್ಲ. ಮೂರು ತಣ್ಣಗಿದ್ದವು, ಹಿಂದಿನ ಎಡಗಾಲಿ ಮತ್ತೆ ಸುಡುತ್ತಿತ್ತು.

ಮಧ್ಯಾಹ್ನ ಅವನು ಒಳಗೆ ಕಪ್ಪು ತೊಳೆಯುತ್ತಿದ್ದಾಗ ಗ್ಲೆನಿಸ್ ಮೆಟ್ಟಿಲ ಮೇಲೆ ಕೂತು ಫೋನು ಮಾಡುತ್ತಿದ್ದಳು. ಕಿಟಕಿ ತೆರೆದಿತ್ತು.

"ಇಲ್ಲ ಮರ್ಲ್, ಆಗಲ್ಲ ಕಣೇ... ಗಾಡಿನೇ ಸುಟ್ಟು ಹಾಕ್ಬಿಡ್ತಿದ್ದೆ... ಇಲ್ಲ, ಅವನೇನೂ ಬೈಲಿಲ್ಲ, ಪಾಪ. ಅವನು ಹೇಳೋದು ಸರಿ ಇದೆ, ನಂಗೆ ಗೊತ್ತಾಗ್ದೇನೇ ಕಾಲು ಇಟ್ಟಿರ್ತೀನಂತೆ. ಗೊತ್ತಾದ್ರೆ ತಿದ್ಕೋಬಹುದು. ಗೊತ್ತೇ ಆಗ್ದಿದ್ರೆ ಏನ್ ಮಾಡೋದು?... ಆ ಬಯಲಲ್ಲಿ ನಿನ್ನನ್ನೂ ಸೇರಿಸಿ ಸುಟ್ಟು ಹಾಕ್ಲಾ?... ನೀನು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು. ಹೂವಿನ ಫೋಟೋ ಕಳ್ಸು."

ಲಿಂಡ್ಸೆ ಒಂದೇ ಕಪ್ಪನ್ನು ಮತ್ತೆ ಮತ್ತೆ ತೊಳೆದ. ಆ 'ಪಾಪ' ಕೇಳಿ ನಾಚಿಕೆಯಾಯಿತು. ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿತ್ತು: ವಸಂತದಲ್ಲಿ ಮನೆಯಲ್ಲಿ ಒಬ್ಬನೇ ಡಬ್ಬದ ಸೂಪು ಬಿಸಿಮಾಡಿಕೊಂಡು ಕೂರುವುದು ತಪ್ಪಿತು ಎಂದು ಮನಸ್ಸಿನ ಒಂದು ಮೂಲೆ, ಬಹಳ ಚಿಕ್ಕ ಮೂಲೆಯೇ ಇರಲಿ, ಹಗುರಾಗಿತ್ತು. ತನ್ನನ್ನು ತಾನು ಹಿಡಿದುಕೊಂಡಾಗ ಅವನಿಗೆ ಸಿಂಕಿನಲ್ಲೇ ಮುಖ ಮುಚ್ಚಿಕೊಳ್ಳೋಣ ಎನ್ನಿಸಿತು.

ಅವಳು ದಂಡೆಯ ಮೇಲೆ ನಡೆಯಲು ಹೋದಾಗ ಅವನು ಚಾಪೆ ಹಾಸಿ ಗಾಡಿಯ ಕೆಳಗೆ ತೂರಿದ. ಹಲ್ಲಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ಜಾಕಿನ ಮೇಲೆ ಗಾಲಿ ಹಗುರವಾಗಿ, ಸದ್ದಿಲ್ಲದೆ ತಿರುಗಿತು. ಅಷ್ಟೇ ಕೆಲಸ. ಯಾರೂ ನೋಡಲಿಲ್ಲ. ಇನ್ನು ಬಿಸಿಯಾಗುವುದಿಲ್ಲ, ಮುಗಿಯಿತು, ಮುಂದೆ ನಿಧಾನವಾಗಿ ಅವಳಿಗೆ ಧೈರ್ಯ ತುಂಬಿದರಾಯಿತು ಎಂದುಕೊಂಡು ಕೈ ಒರೆಸಿಕೊಂಡ. ದೊಡ್ಡ ಮನಸ್ಸಿನಿಂದ ಹೆಂಡತಿಗೆ ಧೈರ್ಯ ತುಂಬುವ ಗಂಡನಾಗಿ ತನ್ನನ್ನು ಕಲ್ಪಿಸಿಕೊಂಡದ್ದೂ ಉಂಟು. ಮನುಷ್ಯನಿಗೆ ನಾಚಿಕೆಯಾದಾಗ ಎಂಥ ಚಾದರ ಸಿಕ್ಕಿದರೂ ಹೊದ್ದುಕೊಳ್ಳುತ್ತಾನೆ.

ಆದರೆ ಸಂಜೆ ಕುರ್ಚಿಗಳು ದುಂಡಗೆ ಬೀಳುವ ಹೊತ್ತಿಗೆ, ಯಾರೂ ಹೇಳದೆ, ಗ್ಲೆನಿಸ್ ಕಿಟಕಿಯಿಂದ ಆ ಚಿನ್ನದ ಸೀಟನ್ನು ತೆಗೆದು ತಾನೇ ಕೊರಳಿಗೆ ಹಾಕಿಕೊಂಡಳು. "ಮರೀಬಾರ್ದಲ್ಲ" ಎಂದು ಕ್ಲೆಮ್‌ನ ಹೆಂಡತಿ ಡಾಟ್‌ಗೆ ಹೇಳಿ ನಕ್ಕಳು. ಅದಾದ ಮರುದಿನವೂ ಹಾಗೆಯೇ. ಆ ನಡುವೆ ಒಬ್ಬ ಮಹಾಶಯ ಡೀಸೆಲ್ ಟ್ಯಾಂಕಿನ ಮುಚ್ಚಳ ಬಿಟ್ಟು ಬಂದಿದ್ದ, ಇನ್ನೊಬ್ಬಳು ಗಂಡನನ್ನೇ ಬೇಕರಿಯಲ್ಲಿ ಬಿಟ್ಟು ಬಂದಿದ್ದಳು. ಶೆರಿಫ್ ಅವಳಿಗೆ ಸೀಟು ದಾಟಿಸಲು ಹೋದರೆ ಗ್ಲೆನಿಸ್ "ಅದೆಲ್ಲಾ ಏನ್ ಮಹಾ, ಇದು ನಂದೇ" ಎಂದು ಬಿಟ್ಟುಕೊಡಲಿಲ್ಲ. ಜನ ಅದನ್ನೂ ತಮಾಷೆ ಎಂದುಕೊಂಡರು.

ಕೊನೆಯ ಸಂಜೆ ಲಿಂಡ್ಸೆಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಆ ಸೀಟು ನಂದು. ಗ್ಲೆನಿಸ್ ಏನೂ ಮಾಡ್ಲಿಲ್ಲ. ನಿಮ್ಮಿಟಬೆಲ್ಲಲ್ಲಿ ಹಿಂದಿನ ಎಡಗಾಲಿ ಬಿಗಿ ಮಾಡಿ, ಪಾದ್ರಿ ಕಥೆ ಹೇಳೋ ಭರದಲ್ಲಿ ವಾಪಸ್ಸು ಸಡಿಲ ಮಾಡ್ಲಿಲ್ಲ ನಾನು. ಅದಕ್ಕೇ ಸುಟ್ಟಿದ್ದು. ಅವಳ ಕಾಲಿಂದಲ್ಲ."

ಡಾಟ್ ಎದೆ ಮೇಲೆ ಕೈಯಿಟ್ಟುಕೊಂಡು "ಅಯ್ಯೋ, ಎಷ್ಟು ಒಳ್ಳೇವನು ನೋಡ್ರೇ!" ಎಂದಳು. ಚಪ್ಪಾಳೆ ಬಿತ್ತು.

"ಇಲ್ಲ, ನಿಜ ಹೇಳ್ತಿದೀನಿ—"

"ನಿಜಾನಂತೆ!" ಕ್ಲೆಮ್ ತೊಡೆ ತಟ್ಟಿಕೊಂಡ. "ಟೂಮಟ್ಟಲ್ಲಿ ಹುಟ್ಟಿದ ನಾಯಿನೂ ನಂಬಲ್ಲ ಕಣೋ ಇದನ್ನ. ಲಿಂಡ್ಸೆ ಟ್ರಾಂಟರ್ ಬ್ರೇಕ್ ಮರೀತಾನಾ? ಹೆಂಡ್ತಿ ಮೇಲೆ ಇಷ್ಟು ಪ್ರೀತಿ ತೋರ್ಸಿ ನಮ್ಮ ಮನೇಲಿ ಜಗಳ ತಂದಿಟ್ಟಿದ್ದಕ್ಕೆ ಒಂದು ಚಾಕೊಲೇಟು ದಂಡ!"

"ಗಾಲಿ ಬಂದು ನೋಡ್ರೋ," ಎಂದ ಲಿಂಡ್ಸೆ, ಎನ್ನುತ್ತಲೇ ನೆನಪಾಯಿತು. ಗಾಲಿ ಈಗ ಹಗುರವಾಗಿ ತಿರುಗುತ್ತದೆ. ಅದನ್ನು ಸರಿಮಾಡಿಟ್ಟವನು ಅವನೇ. ಅವನು ಕೂತ. ಬೈಗುಳಕ್ಕೆ ಬೆನ್ನು ಒಡ್ಡಿ ನಿಂತಿದ್ದವನಿಗೆ ಹೂಮಾಲೆ ಬಿದ್ದಿತ್ತು. ಯಾರೋ ಅವನ ಲೋಟ ತುಂಬಿಸಿದರು.

ಗ್ಲೆನಿಸ್ ಅವನ ಮೊಣಕೈ ಸವರಿದಳು. "ಯಾಕೆ ಹಿಂಗೆಲ್ಲ ಮಾಡ್ತೀಯ? ನೀನು ಸುಳ್ಳು ಹೇಳೋನಲ್ಲ ಲಿಂಡ್ಸ್. ಅದಕ್ಕೇ ನಿಂಗೆ ಸರಿಯಾಗಿ ಹೇಳಕ್ಕೂ ಬರಲ್ಲ. ನನ್ನ ಕಾಲು ಏನ್ ಮಾಡ್ತು ಅಂತ ನಂಗೊತ್ತು."

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. ಅವಳಿಗೆ ಗೊತ್ತಿರಲಿಲ್ಲ. ಅವಳ ಕಾಲು ಅವಳಿಗೆ ಸರಿಯಾಗಿಯೇ ಹೇಳಿತ್ತು. ಆ ಕಾಲಿನ ಮಾತನ್ನು ಬಿಟ್ಟು ಅವಳು ಗಂಡನ ಮಾತನ್ನು ನಂಬಿದ್ದಳು.

ಬೆಳಿಗ್ಗೆ ಎಲ್ಲರೂ ಹೊರಡುವ ತಯಾರಿಯಲ್ಲಿದ್ದಾಗ ಲಿಂಡ್ಸೆ ನಾಲ್ಕೂ ಗಾಲಿ ಬಿಚ್ಚಿದ. ಗುಂಬದ ಮುಚ್ಚಳ ಕಿತ್ತು, ಗ್ರೀಸಿನಲ್ಲಿ ಮೊಣಕೈವರೆಗೆ ಮುಳುಗಿ, ಬ್ರೇಕಿನ ಡ್ರಮ್ಮುಗಳನ್ನು ಒಂದೊಂದಾಗಿ ಎಳೆದು ಟಾರ್ಪಾಲಿನ ಮೇಲೆ ಸಾಲಾಗಿ ಇಟ್ಟ. ಪ್ರತಿಯೊಂದರ ಮುಂದೂ ಅದರ ಒಳಮೈಗೆ ಒತ್ತುವ ಪಟ್ಟಿ, ಬ್ರೇಕ್ ಶೂ. ಕ್ಲೆಮ್ ಅಭ್ಯಾಸದಂತೆ ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದ. ಏನೋ ತಮಾಷೆಗೆ ಬಾಯಿ ತೆರೆದವನು ಸಾಲಿನ ಕೊನೆಗೆ ಬಂದು ನಿಂತ. ಮೂರು ಡ್ರಮ್ಮು ಬೂದು ಬಣ್ಣಕ್ಕೆ, ಹೊಸದರ ಹಾಗೆ ಇದ್ದವು. ನಾಲ್ಕನೆಯದು ಕಾದು ನೀಲಿಗಟ್ಟಿತ್ತು. ಅದರ ಶೂ ಕರಕಲಾಗಿ ಬಿರುಕು ಬಿಟ್ಟಿತ್ತು. ಕ್ಲೆಮ್ ಅದನ್ನು ನೋಡಿದ, ಲಿಂಡ್ಸೆಯನ್ನು ನೋಡಿದ, "ಓ" ಎಂದ. ಟೋಪಿ ಸರಿಮಾಡಿಕೊಂಡು ತನ್ನ ಗಾಡಿಯ ಕಡೆಗೆ ನಡೆದುಬಿಟ್ಟ. ಆ ಒಂದು 'ಓ'ಗಿಂತ ಸೀಟು ಕೊರಳಿಗೆ ಹಾಕಿ ಕುಣಿಸಿದ್ದರೆ ವಾಸಿಯಿತ್ತು.

"ಗ್ಲೆನ್, ಸ್ವಲ್ಪ ಬಾ," ಎಂದು ಕರೆದ.

ಅವಳು ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಬಂದಳು. ಅವನು ತಲೆ ಎತ್ತದೆ ಹೇಳಿದ: "ಕಾಲಲ್ಲಿ ಒತ್ತಿದ್ರೆ ನಾಲ್ಕಕ್ಕೂ ಒಂದೇ ಕರೆಂಟು. ನಿನ್ನ ಕಾಲಿಂದ ಸುಟ್ಟಿದ್ರೆ ಎಷ್ಟು ಸುಡ್ಬೇಕಿತ್ತು?"

ಅವಳು ಕೂತು ಒಂದೊಂದರ ಒಳಮೈಯನ್ನೂ ಬೆರಳಿನಿಂದ ಸವರಿದಳು. ನಾಲ್ಕನೆಯದರ ಮೇಲೆ ಬೆರಳು ನಿಂತಿತು.

"ನಿನ್ನೆ ಹೇಳಿದ್ದು ನಿಜಾನಾ ಹಾಗಾದ್ರೆ?"

"ಹೂಂ."

"ಯಾವಾಗ ಗೊತ್ತಾಯ್ತು ನಿಂಗೆ?"

ಈ ಪ್ರಶ್ನೆ ಬರುತ್ತದೆಂದು ಅವನು ಗಾಲಿ ಬಿಚ್ಚುವಾಗಲೇ ಅಂದುಕೊಂಡಿದ್ದ. 'ಇಲ್ಲಿಗೆ ಬಂದ ಮೇಲೆ' ಎಂದರೆ ನಡೆದುಹೋಗುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು ಅದು.

"ಅಲ್ಲೇ. ಬೆಟ್ಟದ ಬುಡದಲ್ಲೇ. ಕ್ಲೆಮ್ ಬರೋಕೆ ಮುಂಚೆ. ನೀನು ಕೇಳೋಕೆ ಮುಂಚೆ."

ಗ್ಲೆನಿಸ್ ಏಳಲಿಲ್ಲ. ಟವಲು ಬಿಚ್ಚಿಕೊಂಡು ಹೆಗಲಿಗೆ ಬಿತ್ತು, ಅದನ್ನೂ ಸರಿಮಾಡಿಕೊಳ್ಳಲಿಲ್ಲ. "ಗೊತ್ತಿದ್ದೂ ಆ ನಾಟಕ ಆಡಿದ್ಯಾ? ಕಣ್ಣು ಬಿಟ್ಕೊಂಡು? ಕಾಲು ಒತ್ಕೊಂಡು?"

ಅವನು ಎದ್ದು ಹೋಗಿ ಕಿಟಕಿಯಿಂದ ಸೀಟನ್ನು ತಂದು, ತನ್ನ ಕೊರಳಿಗೆ ಹಾಕಿಕೊಳ್ಳಲು ಎತ್ತಿದ. ಅವಳು ಅದನ್ನು ಕೈಯಿಂದ ಕಿತ್ತುಕೊಂಡಳು.

"ಬೇಡ. ಇದು ತಪ್ಪು ಮಾಡಿದೋರಿಗೆ ಇರೋದು. ಗಾಲಿ ಬಿಗಿ ಬಿಟ್ಟೆ ನೋಡು, ಅದು ತಪ್ಪು. ಅದಕ್ಕೆ ಹಾಕ್ಕೋಬಹುದಿತ್ತು, ನಾನೂ ನಗ್ತಿದ್ದೆ. ಆಮೇಲೆ ಮಾಡಿದ್ದು ತಪ್ಪಲ್ಲ ಲಿಂಡ್ಸ್, ಬೇಕಂತ್ಲೇ ಮಾಡಿದ್ದು. ಅದಕ್ಕೆ ಇದನ್ನ ಹಾಕ್ಕೊಂಡು ನೀನು ನಗಿಸ್ಕೋಬಾರ್ದು."

ಅವಳು ಸೀಟನ್ನು ಒಯ್ದು ಡಾಟ್‌ಳ ಕೈಗೆ ಕೊಟ್ಟು ಬಂದಳು. ಏನು ಹೇಳಿದಳೋ ಕೇಳಿಸಲಿಲ್ಲ. ಡಾಟ್ ಈ ಕಡೆ ನೋಡಲಿಲ್ಲ.

ಊರಿನ ಅಂಗಡಿಯಿಂದ ಹೊಸ ಶೂ ಮತ್ತು ಡ್ರಮ್ಮು ಬಂದವು. ಅಷ್ಟರಲ್ಲಿ ಉಳಿದ ಗಾಡಿಗಳೆಲ್ಲ ಹೊರಟುಹೋಗಿದ್ದವು. ಜೋಡಿಸುವುದು ಮುಗಿದ ಮೇಲೆ ಗ್ಲೆನಿಸ್ ಕೈ ಚಾಚಿದಳು. "ಸ್ಕ್ರೂಡ್ರೈವರ್ ಕೊಡು." ಚಾಪೆಯ ಮೇಲೆ ಮಲಗಿ, ಸಂದಿ ಹುಡುಕಿ, ಗಾಲಿ ಅಲುಗದಂತಾಗುವವರೆಗೂ ತಿರುಗಿಸಿದಳು. ಆಮೇಲೆ ಹಿಂದಕ್ಕೆ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಗಾಲಿಯನ್ನು ತಳ್ಳಿ ತಳ್ಳಿ ನೋಡಿದಳು. ಲಿಂಡ್ಸೆಗೆ ಹೇಳಲು ಎಷ್ಟೋ ಇತ್ತು. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ನಾಲ್ಕೂ ಗಾಲಿಯನ್ನು ಅವಳೇ ಮುಗಿಸಿದಳು. ಯಾರೂ ಕಥೆ ಕೇಳಲಿಲ್ಲ.

ನಂತರ ಕಾರಿನ ಬಲಬಾಗಿಲು ತೆರೆದು ಹತ್ತಿದಳು. ಸೀಟನ್ನು ಕಟಕಟನೆ ಮುಂದಕ್ಕೆ ಎಳೆದುಕೊಂಡಳು. ಅವನು ಎಡಗಡೆ ಹತ್ತಿ ಬೆಲ್ಟು ಹಾಕಿಕೊಂಡ. ಬ್ರೌನ್ ಬೆಟ್ಟದ ತಿರುವುಗಳನ್ನು ಅವಳು ಎರಡನೇ ಗೇರಿನಲ್ಲಿ, ಹಿಂದೆ ಬಂದವರಿಗೆಲ್ಲ ದಾರಿ ಬಿಟ್ಟುಕೊಡುತ್ತ, ಆತುರವಿಲ್ಲದೆ ಏರಿಸಿದಳು. ಕನ್ನಡಿಯನ್ನು ಎಷ್ಟು ಸಲ ನೋಡಬೇಕೋ ಅಷ್ಟು ಸಲ ನೋಡಿದಳು. ಅವನು ಫೇಲ್ ಮಾಡಲು ಒಂದು ಕಾರಣವೂ ಇರಲಿಲ್ಲ. ಬೆಟ್ಟ ಇಳಿದ ದಿನವೂ ಇರಲಿಲ್ಲ ಎಂಬುದು ಅವನಿಗೆ ಈಗ ಒಂದೊಂದು ತಿರುವಿನಲ್ಲೂ ನೆನಪಾಗುತ್ತಿತ್ತು.

ಮೇಲೆ, ಬಯಲು ಶುರುವಾಗುವಲ್ಲಿ ನಿಲ್ಲಿಸಿ ಅವಳು ಇಳಿದಳು. ಅವನು ಕನ್ನಡಿಯಲ್ಲಿ ನೋಡಿದ: ಅವಳು ಗಾಡಿಯ ಸುತ್ತ ನಡೆದು, ಒಂದೊಂದು ಗಾಲಿಯ ಹತ್ತಿರವೂ ಬಗ್ಗಿ ಅಂಗೈ ಇಟ್ಟು, ಕೊನೆಗೆ ಹಿಂದಿನ ಎಡಗಾಲಿಯ ಮೇಲೆ ಇಟ್ಟ ಕೈಯನ್ನು ಅಲ್ಲೇ ಒಂದಷ್ಟು ಹೊತ್ತು ಬಿಟ್ಟಳು. ವಾಪಸ್ಸು ಬಂದು ಕೂತು, ಧೂಳಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಫೋನು ತೆಗೆದು, ಏನೋ ಒತ್ತಿ ಅವನ ಕಡೆಗೆ ಚಾಚಿದಳು. ಪರದೆಯ ಮೇಲೆ ಮರ್ಲ್‌ಳ ಹೆಸರಿತ್ತು. ಆಗಲೇ ರಿಂಗಾಗುತ್ತಿತ್ತು.

"ನೂರು ಸಲ ನಿನ್ನ ಹತ್ರ ಕ್ಷಮೆ ಕೇಳ್ತೀನಿ ಗ್ಲೆನ್," ಎಂದ ಅವನು. "ಇವಳಿಗೆ ನೀನೇ ಹೇಳು. ಹೋಗ್ತೀನಿ ಅಂತ ಹೇಳು, ಸಾಕಲ್ಲ."

"ಹೋಗೋದನ್ನ ನಾನು ಹೇಳ್ತೀನಿ. ಯಾಕೆ ಬರಲ್ಲ ಅಂದಿದ್ದೆ ಅನ್ನೋದನ್ನ ನೀನು ಹೇಳು."

"ಹಲೋ? ಗ್ಲೆನ್?" ಎಂದಿತು ಫೋನು.

"ಗ್ಲೆನ್ ಅಲ್ಲ ಮರ್ಲ್. ನಾನು. ಲಿಂಡ್ಸೆ."

ಆ ಕಡೆಯಿಂದ ಗಾಬರಿಯ ದನಿ: "ಅವಳಿಗೇನಾಯ್ತು?"

"ಅವಳಿಗೇನೂ ಆಗಿಲ್ಲ. ಅವಳು ಪಕ್ಕದಲ್ಲೇ ಇದಾಳೆ, ಗಾಡಿ ಅವಳೇ ಓಡಿಸ್ಕೊಂಡು ಬಂದ್ಳು. ಅವತ್ತು ಬೆಟ್ಟ ಇಳಿದಾಗ ಗಾಲಿಯಿಂದ ಹೊಗೆ ಬಂತಲ್ಲ, ಅದು—"

ಗ್ಲೆನಿಸ್ ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು ನೇರ ಮುಂದೆ ನೋಡುತ್ತಿದ್ದಳು.

"ಹೊಗೆಯಿಂದ ಅಲ್ಲ," ಎಂದಳು. "ಪಾದ್ರಿ ಕಥೆಯಿಂದ ಶುರು ಮಾಡು."

ಅವನು ಪಾದ್ರಿ ಕಥೆಯಿಂದ ಶುರು ಮಾಡಿದ.